ಅಮ್ಮ ಕುರ್ಚಿಯಿಂದ ತಾನೇ ಏಳಲಿ

ಮಳೆ ಹಿಡಿಯಿತೆಂದರೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಹಿರಿಯರು ಹೊರಗೆ ಕಾಲಿಡುವ ಹಾಗಿಲ್ಲ, ಕೂತಲ್ಲೇ ಕೂತಿದ್ದಾರೆ, ಏನು ಮಾಡುವುದು ಎಂಬ ಪ್ರಶ್ನೆಗಳೇ ಹೆಚ್ಚು. ಈ ಸಲ ವೃದ್ಧಾಶ್ರಮದಲ್ಲಿರುವವರು, ಅವರ ಮನೆಯವರು, ಅವರನ್ನು ನೋಡಿಕೊಳ್ಳುವವರು ಬರೆದ ಪತ್ರಗಳನ್ನಷ್ಟೇ ಎತ್ತಿಕೊಂಡಿದ್ದೇನೆ. ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್. ಮಂಗಳವಾರ, ಶುಕ್ರವಾರ ಬೆಳಿಗ್ಗೆ ತೀರ್ಥಹಳ್ಳಿ ರಸ್ತೆಯ ಒಂದು ವೃದ್ಧಾಶ್ರಮಕ್ಕೆ ಹೋಗಿಬರುತ್ತೇನೆ. ಕೆಳಗೆ ಬರೆದದ್ದರಲ್ಲಿ ಹೆಚ್ಚಿನದನ್ನು ಆ ಜಗಲಿಯಲ್ಲೇ ಕಲಿತೆ.

ನಮ್ಮ ತಾಯಿಗೆ 79 ವರ್ಷ. ಅಪ್ಪ ತೀರಿಕೊಂಡ ಮೇಲೆ ಹೊಸನಗರದ ಹತ್ತಿರದ ಮನೆಯಲ್ಲಿ ಒಬ್ಬರೇ ಇರುವುದು ಕಷ್ಟವಾಗಿ, ಒಂದು ವರ್ಷದಿಂದ ಶಿವಮೊಗ್ಗದ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಸೇರುವಾಗ ದಿನಾ ತೋಟಕ್ಕೆ ಇಳಿದು ಹತ್ತುತ್ತಿದ್ದವರು. ಈಗ ನಾನು ಹೋದಾಗಲೆಲ್ಲ ಕುರ್ಚಿಯಲ್ಲೇ ಇರುತ್ತಾರೆ, ಏಳಬೇಕಾದರೆ ಇಬ್ಬರು ಹಿಡಿಯಬೇಕು. 'ಬಿದ್ದುಬಿಟ್ಟರೆ ಕಷ್ಟ, ಕೂತಿರಲಿ ಬಿಡಿ' ಅನ್ನುತ್ತಾರೆ ಅಲ್ಲಿಯವರು. ಊಟ, ಔಷಧಿ ಎಲ್ಲ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಹಾಗಾಗಿ ಜಗಳ ಮಾಡಲು ಮನಸ್ಸಿಲ್ಲ. ಈ ವಯಸ್ಸಿನಲ್ಲಿ ವ್ಯಾಯಾಮ ಮಾಡಿಸಿದರೆ ಏನಾದರೂ ಪ್ರಯೋಜನ ಆದೀತೇ?
— ಹೊಸನಗರದ ಮಗಳು, ಬೆಂಗಳೂರು

ಆಗುತ್ತದೆ. ಜಗಳವೂ ಬೇಕಾಗಿಲ್ಲ.

ನಿಮ್ಮ ತಾಯಿ ಒಂದು ವರ್ಷದಲ್ಲಿ ಏನು ಕಳೆದುಕೊಂಡರು ನೋಡಿ. ನಮ್ಮ ಕಡೆ ಮನೆ ಮೇಲೆ, ತೋಟ ಕೆಳಗೆ. ಒಂದು ಸಲ ಹೋಗಿಬರುವುದೆಂದರೆ ಮಹಡಿ ಹತ್ತಿ ಇಳಿದ ಹಾಗೆ. ದಿನಕ್ಕೆ ಹತ್ತು ಸಲ ಹೊಸ್ತಿಲು ದಾಟಬೇಕು. ಊಟಕ್ಕೆ ಮಣೆಯ ಮೇಲೆ ಕೂತು ಏಳಬೇಕು. ಹಂಡೆಗೆ ನೀರು ತುಂಬಿ, ಒಲೆಗೆ ಬಗ್ಗಿ ಸೌದೆ ಒಡ್ಡಬೇಕು. ಅವರು ಯಾವತ್ತೂ 'ವ್ಯಾಯಾಮ' ಅಂತ ಮಾಡಿದವರಲ್ಲ, ಆದರೆ ದಿನವಿಡೀ ಮಾಡುತ್ತಿದ್ದದ್ದು ಅದೇ. ವೃದ್ಧಾಶ್ರಮದಲ್ಲಿ ನೆಲ ಸಮತಟ್ಟು, ತಟ್ಟೆ ಕೈಗೆ ಬರುತ್ತದೆ, ನೀರಿನ ಲೋಟ ಪಕ್ಕದಲ್ಲಿರುತ್ತದೆ. ಎಲ್ಲವೂ ಪ್ರೀತಿಯಿಂದಲೇ. ಆದರೆ ಕಾಲಿಗೆ ಕೆಲಸವೇ ಉಳಿಯಲಿಲ್ಲ.

ಕೆಲಸವಿಲ್ಲದ ಕಾಲು ಎಷ್ಟು ಬೇಗ ಸೊರಗುತ್ತದೆ ಅನ್ನುವುದು ಗೊತ್ತಿದ್ದರೆ ಯಾರೂ 'ಕೂತಿರಲಿ' ಅನ್ನುವುದಿಲ್ಲ. 2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಆರೋಗ್ಯವಾಗಿಯೇ ಇದ್ದ ಹಿರಿಯರನ್ನು ಬರೀ 10 ದಿನ ಹಾಸಿಗೆಯಲ್ಲಿ ಇರಿಸಿ ನೋಡಿದರು. ಅಷ್ಟರಲ್ಲಿ ಅವರ ಕಾಲುಗಳಿಂದ ಹತ್ತಿರಹತ್ತಿರ 1 ಕಿಲೋದಷ್ಟು ಮಾಂಸ ಇಳಿದಿತ್ತು. ಜ್ವರವಿಲ್ಲ, ಮುರಿತವಿಲ್ಲ, ಸುಮ್ಮನೆ ಮಲಗಿದ್ದಕ್ಕೇ ಇಷ್ಟು.

ಇದನ್ನು ನಾನು ಓದಿ ತಿಳಿಯುವ ಮೊದಲೇ ಮನೆಯಲ್ಲಿ ನೋಡಿದ್ದೆ. ನಮ್ಮ ಅಜ್ಜಿಗೆ ವಿಷಮಶೀತ ಜ್ವರ ಬಂದು ಬಿಟ್ಟಿತ್ತು. 'ಪಾಪ, ಸುಸ್ತು, ಮಲಗಲಿ' ಅಂತ ಮೂರು ವಾರ ಮಂಚದ ಮೇಲೇ ಎಲ್ಲ ಮಾಡಿದೆವು. ಗಂಜಿ ಅಲ್ಲಿಗೇ, ಬಿಸಿನೀರು ಅಲ್ಲಿಗೇ. ಜ್ವರ ಐದಾರು ದಿನಕ್ಕೆ ಹೋಯಿತು, ಅಜ್ಜಿ ಮಾತ್ರ ಮತ್ತೆ ತಾವಾಗಿ ಎದ್ದು ಅಡುಗೆಮನೆಗೆ ಬರಲಿಲ್ಲ. ಆಗ ನಾನು ಕಾಲೇಜಿನಲ್ಲಿದ್ದೆ. ಇವತ್ತಿಗೂ ಯಾರಾದರೂ 'ಮಲಗಲಿ ಬಿಡಿ' ಅಂದರೆ ಆ ಮಂಚ ಕಣ್ಣಿಗೆ ಬರುತ್ತದೆ.

ಇಳಿದ ಬಲ ಮರಳುತ್ತದೆಯೇ? ಮರಳುತ್ತದೆ, ತೊಂಬತ್ತರಲ್ಲೂ. 1990ರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಬಾಸ್ಟನ್ನಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ 90ರ ಆಸುಪಾಸಿನ 10 ಮಂದಿಗೆ 8 ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಕೊನೆಯವರೆಗೆ ಉಳಿದವರಲ್ಲಿ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ಅವರು ಮಾಡಿಸಿದ್ದು ಯಂತ್ರದ ಮೇಲೆ, ತಜ್ಞರ ಕಣ್ಣೆದುರು. ಅದನ್ನೇ ನಾವು ಮಾಡಿಸಬೇಕಿಲ್ಲ. ನಮಗೆ ಒಂದು ಕುರ್ಚಿ ಸಾಕು.

ಕುರ್ಚಿ ಯಾವುದು ಅನ್ನುವುದು ಮುಖ್ಯ. ಕೈಯಿಲ್ಲದ, ಕೂತರೆ ಬಾಗುವ ಪ್ಲಾಸ್ಟಿಕ್ ಕುರ್ಚಿ ಬೇಡ. ಹುಗಿದುಹೋಗುವ ಸೋಫಾ ಇನ್ನೂ ಬೇಡ. ಗಟ್ಟಿ ಕೈಗಳಿರುವ ಮರದ ಕುರ್ಚಿ, ಬೆನ್ನು ಗೋಡೆಗೆ ತಾಗಿರಬೇಕು. ನಾನು ಹೋಗುವಲ್ಲಿ 84ರ ಒಬ್ಬ ಅಮ್ಮ ಇದ್ದಾರೆ, ಅವರದ್ದೂ ನಿಮ್ಮ ತಾಯಿಯದೇ ಸ್ಥಿತಿ. ಅವರ ಕುರ್ಚಿಯ ಮೇಲೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿದೆವು. ಕೂರುವ ಜಾಗ ಎತ್ತರವಾದಷ್ಟೂ ಏಳುವುದು ಸುಲಭ. ಕುರ್ಚಿಯ ಅಂಚಿಗೆ ಸರಿದು ಕೂರುವುದು, ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳುವುದು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಗ್ಗುವುದು, ಆಮೇಲೆ ಕುರ್ಚಿಯ ಕೈ ಒತ್ತಿ ಏಳುವುದು. ಮೊದಲ ದಿನ ಅವರು ಬಗ್ಗಲೇ ಒಪ್ಪಲಿಲ್ಲ, ಮುಂದಕ್ಕೆ ಮುಗ್ಗರಿಸುತ್ತೇನೆ ಅಂತ ಹೆದರಿಕೆ. ಎದುರಿಗೆ ಸ್ಟೂಲ್ ಇಟ್ಟು ನಾನು ಕೂತೆ. 'ನನ್ನ ಕಿವಿಯಲ್ಲಿ ಏನೋ ಹೇಳುವ ಹಾಗೆ ಬನ್ನಿ' ಅಂದೆ. ಬಗ್ಗಿದರು, ಸೊಂಟ ತಾನಾಗಿ ಮೇಲೆ ಬಂತು. ಮೂರು ವಾರಕ್ಕೆ ಒಂದು ಮಡಿಕೆ ತೆಗೆದೆವು. ಎರಡೂವರೆ ತಿಂಗಳಿಗೆ ಕಂಬಳಿ ಮಂಚಕ್ಕೆ ವಾಪಸ್ ಹೋಯಿತು.

ಕೂರುವಾಗಲೂ ಧಪ್ಪನೆ ಬೀಳಬಾರದು. ನಾಲ್ಕು ಎಣಿಸುತ್ತಾ ನಿಧಾನ ಇಳಿಯಬೇಕು. ತೊಡೆ ಗಟ್ಟಿಯಾಗುವುದರಲ್ಲಿ ಅರ್ಧ ಕೆಲಸ ಆ ಇಳಿತದ್ದು.

ಇಬ್ಬರು ಕಂಕುಳಿಗೆ ಕೈಹಾಕಿ ಎತ್ತುವುದನ್ನು ದಯವಿಟ್ಟು ನಿಲ್ಲಿಸಿ. ಭುಜದ ಕೀಲಿಗೆ ಪೆಟ್ಟು. ಜೊತೆಗೆ, ಹಾಗೆ ಎತ್ತಿಸಿಕೊಂಡವರು ಹಿಂದಕ್ಕೆ ವಾಲುವುದನ್ನೇ ಕಲಿಯುತ್ತಾರೆ, ಆಮೇಲೆ ಕಾಲಿನ ಮೇಲೆ ಭಾರ ಹಾಕುವುದೇ ಮರೆತುಹೋಗುತ್ತದೆ.

ಮೊದಲು ಅವರ ವೈದ್ಯರಿಗೆ ಒಮ್ಮೆ ತೋರಿಸಿ: ಬಿಪಿ, ಕಣ್ಣು, ಮಂಪರು ತರಿಸುವ ಮಾತ್ರೆ ಏನಾದರೂ ಇದೆಯೇ ಅಂತ. ಆಮೇಲೆ ವೃದ್ಧಾಶ್ರಮದವರ ಹತ್ತಿರ 'ವ್ಯಾಯಾಮ ಮಾಡಿಸಿ' ಅನ್ನಬೇಡಿ, ಅವರಿಗೆ ಅದು ಇನ್ನೊಂದು ಹೊರೆ ಅನ್ನಿಸುತ್ತದೆ. ಇಷ್ಟು ಕೇಳಿ: 'ಬಚ್ಚಲಿಗೆ, ಊಟಕ್ಕೆ ಏಳುವಾಗ ಅಮ್ಮ ತಾವೇ ಏಳಲಿ. ನೀವು ಪಕ್ಕದಲ್ಲಿ ನಿಂತಿರಿ, ಒಂದು ಕೈ ಅವರ ಸೊಂಟದ ಹಿಂದೆ ಇರಲಿ.' ದಿನಕ್ಕೆ ಆರೇಳು ಸಲ ಹೇಗೂ ಏಳಲೇಬೇಕು. ಅದೇ ವ್ಯಾಯಾಮ. ಅವರ ಭಯಕ್ಕೂ ಅರ್ಥವಿದೆ, ಬಿದ್ದರೆ ಮಾತು ಕೇಳುವವರು ಅವರೇ. 'ನಾನು ಒಪ್ಪಿ ಮಾಡಿಸುತ್ತಿದ್ದೇನೆ' ಅಂತ ಒಂದು ಚೀಟಿ ಬರೆದು ಸಹಿ ಮಾಡಿ ಕೊಡಿ. ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ನಾನು ಸಾಗರದ ಕಡೆ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕಿದ್ದೇನೆ. 14 ಜನ ಅಜ್ಜ–ಅಜ್ಜಿಯರು. ದಿನಾ ಅರ್ಧ ಗಂಟೆ ವ್ಯಾಯಾಮ ಮಾಡಿಸು ಅಂದಿದ್ದಾರೆ. ನಾನು ಕಲಿತವಳಲ್ಲ. ಮೊಬೈಲಿನಲ್ಲಿ ವಿಡಿಯೋ ಹಾಕಿದೆ, ಯಾರೂ ಕೈಕಾಲು ಆಡಿಸಲಿಲ್ಲ. ಏನಾದರೂ ಆದರೆ ಅಂತ ನನಗೂ ಹೆದರಿಕೆ.
— ಹೆಸರು ಬೇಡ

ತಂಗೀ, ಕಲಿತಿಲ್ಲ ಅಂತ ಕುಗ್ಗಬೇಡ. ಆ 14 ಜನರಲ್ಲಿ ಯಾರ ಮಂಡಿ ಹೇಗಿದೆ, ಯಾರಿಗೆ ಬೆಳಿಗ್ಗೆ ತಲೆ ತಿರುಗುತ್ತದೆ ಅಂತ ನಿನಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ವಿಡಿಯೋ ಬಿಡು. ಅದರಲ್ಲಿ ಹಾರುವವರು ಬೇರೆ, ನಿನ್ನೆದುರು ಕೂತವರು ಬೇರೆ.

ತಿಂಡಿಯಾಗಿ ಒಂದು ಗಂಟೆ ಕಳೆದ ಮೇಲೆ, ಹತ್ತೂವರೆ ಸುಮಾರಿಗೆ ಇಟ್ಟುಕೋ. ಕುರ್ಚಿಗಳು ಗೋಡೆಗೆ ತಾಗಿರಲಿ. ನೆಲ ಒರೆಸಿ ಪೂರ್ತಿ ಒಣಗಿರಬೇಕು, ಕಾವಿ ನೆಲವಾದರೆ ಎರಡು ಸಲ ನೋಡು. ಕಾಲುಚೀಲ ಹಾಕಿಕೊಂಡು ಯಾರೂ ನಿಲ್ಲಬಾರದು, ಬರಿಗಾಲು ವಾಸಿ. ಅವತ್ತು ಜ್ವರ ಇದ್ದವರು, ಹಿಂದಿನ ದಿನ ಬಿದ್ದವರು ಸುಮ್ಮನೆ ಕೂತು ನೋಡಲಿ.

ಪಾದದಿಂದ ಶುರು ಮಾಡು. ಹಿಮ್ಮಡಿ ನೆಲದಲ್ಲಿಟ್ಟು ಬೆರಳು ಎತ್ತುವುದು, ಬೆರಳು ಊರಿ ಹಿಮ್ಮಡಿ ಎತ್ತುವುದು, ಇಪ್ಪತ್ತು ಸಲ. ಆಮೇಲೆ ಕೈಗೆ. ಇಲ್ಲಿ ನಿನಗೆ ಒಂದು ಉಪಾಯ ಹೇಳುತ್ತೇನೆ. 'ಕೈ ಮುಂದೆ, ಕೈ ಹಿಂದೆ' ಅಂದರೆ ಯಾರಿಗೂ ಉಮೇದು ಬರುವುದಿಲ್ಲ. 'ಬನ್ನಿ, ಮಜ್ಜಿಗೆ ಕಡೆಯೋಣ' ಅನ್ನು. ಬಾವಿಯಿಂದ ನೀರು ಸೇದೋಣ, ಗೆರಸಿಯಲ್ಲಿ ಅಕ್ಕಿ ಕೇರೋಣ, ಬೀಸುವ ಕಲ್ಲು ತಿರುಗಿಸೋಣ ಅನ್ನು. ನಮ್ಮಲ್ಲಿ ಹಾಗಂದ ದಿನ, ಮಾತೇ ಆಡದ ಒಬ್ಬ ಅಮ್ಮ 'ಅಷ್ಟು ಜೋರಾಗಿ ಕಡೆದರೆ ಬೆಣ್ಣೆ ಒಡೆದುಹೋಗುತ್ತೆ' ಅಂತ ನನ್ನನ್ನೇ ತಿದ್ದಿದರು. ಆ ಕೈಗಳು ಐವತ್ತು ವರ್ಷ ಮಾಡಿದ ಕೆಲಸ ಅದು, ಹೇಳಿಕೊಡಬೇಕಿಲ್ಲ.

ಎಣಿಕೆಯನ್ನು ಎಲ್ಲರೂ ಗಟ್ಟಿಯಾಗಿ ಹೇಳಲಿ. ಬಲ ಹಾಕುವಾಗ ಉಸಿರು ಕಟ್ಟಿದರೆ ಬಿಪಿ ಏರುತ್ತದೆ. ಬಾಯಲ್ಲಿ ಎಣಿಸುತ್ತಿದ್ದರೆ ಉಸಿರು ಕಟ್ಟಲು ಆಗುವುದಿಲ್ಲ. ಒಂದು ವಾರ ಕಳೆದ ಮೇಲೆ ಅರ್ಧ ಲೀಟರಿನ ನೀರಿನ ಬಾಟಲಿ ಕೈಗೆ ಕೊಡು, ಅರ್ಧ ಕಿಲೋ ಭಾರವಾಯಿತು. ಕತ್ತು ಗರಗರ ತಿರುಗಿಸುವುದು, ಸೊಂಟ ಬಗ್ಗಿಸಿ ನೆಲ ಮುಟ್ಟುವುದು ಬೇಡ. ಮೂಳೆ ಸವೆದ ಬೆನ್ನಿಗೆ ಮುಂದೆ ಬಗ್ಗುವುದು ಅಪಾಯ.

ನಿಲ್ಲಬಲ್ಲವರನ್ನು ಕೊನೆಗೆ ನಿಲ್ಲಿಸು, ಇಬ್ಬಿಬ್ಬರನ್ನೇ. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ, ಮತ್ತೆ ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಹತ್ತು ಎಣಿಸುವವರೆಗೆ ನಿಲ್ಲುವುದು. ಬೀಳದಂತೆ ಕಾಪಾಡುವುದು ಈ ಭಾಗವೇ. 65 ದಾಟಿದವರಿಗೆ ಸಮತೋಲನ ಮತ್ತು ಬಲದ ಅಭ್ಯಾಸ ವಾರಕ್ಕೆ 3 ದಿನವಾದರೂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದೇ ಸಂಸ್ಥೆ ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆಯನ್ನೂ ಹೇಳುತ್ತದೆ. ಅದನ್ನು ಕೇಳಿ ಎದೆಗುಂದಬೇಡ, ಆಗುವವರು ಆಗುವಷ್ಟು ಮಾಡಿದರೂ ಲಾಭವೇ.

ಅಳತೆ ಹೇಗೆ ಅಂದರೆ: ಮಾಡುತ್ತಾ ಮಾತಾಡಲು ಆಗಬೇಕು. ಮಾತು ತುಂಡಾದರೆ ನಿಧಾನ ಮಾಡಿಸು. ಎದೆನೋವು, ತಲೆಸುತ್ತು, ತಣ್ಣನೆ ಬೆವರು, ಹೊಸದಾಗಿ ಶುರುವಾದ ನೋವು ಕಂಡರೆ ಅಲ್ಲಿಗೇ ನಿಲ್ಲಿಸಿ ಕೂರಿಸು, ದೊಡ್ಡವರಿಗೆ ತಿಳಿಸು. ಎದೆನೋವಾದರೆ ಕಾಯಬೇಡ, ತಕ್ಷಣ 108ಕ್ಕೆ ಫೋನ್ ಮಾಡು.

ನಿವೃತ್ತ ಶಿಕ್ಷಕ, 82 ವರ್ಷ. ಇಲ್ಲಿಗೆ ಬಂದ ಮೇಲೂ ದಿನಾ ಬಸ್ ಸ್ಟಾಪಿನವರೆಗೆ ನಡೆದುಹೋಗಿ ಬರುತ್ತಿದ್ದೆ. ಜೂನ್‌ನಿಂದ ಅಂಗಳವೆಲ್ಲ ಪಾಚಿ. ಒಳಗಿನ ಜಗಲಿ 18 ಮೀಟರ್ ಉದ್ದ ಇದೆ, ಅಳೆದಿದ್ದೇನೆ. ಅಲ್ಲೇ ನಡೆದರೆ ಪ್ರಯೋಜನವುಂಟೇ? ಇನ್ನೊಂದು: ಬೆಳಿಗ್ಗೆ ಎದ್ದ ಕೂಡಲೇ ಒಂದು ಕ್ಷಣ ಕಣ್ಣು ಕತ್ತಲೆ ಬರುತ್ತದೆ.
— ಓದುಗ, ತೀರ್ಥಹಳ್ಳಿ ತಾಲ್ಲೂಕು

ಮೇಷ್ಟ್ರೇ, ನಿಮ್ಮ 'ಇನ್ನೊಂದು' ನನಗೆ ಮೊದಲಿನದು. ಮಲಗಿದವರು ಎದ್ದು ನಿಂತಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ. ವಯಸ್ಸಾದಂತೆ ಅದನ್ನು ಮೇಲೆ ತಳ್ಳುವ ಚುರುಕು ಕಡಿಮೆಯಾಗುತ್ತದೆ. ಬಿಪಿ ಮಾತ್ರೆ, ಮೂತ್ರದ ಮಾತ್ರೆ, ನೀರು ಕಡಿಮೆ ಕುಡಿಯುವುದು ಇದನ್ನು ಹೆಚ್ಚಿಸಬಹುದು. ಮಲಗಿದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ಹೇಳಲೇಬೇಕು. ಮಾತ್ರೆಯನ್ನು ನೀವಾಗಿ ಬಿಡಬೇಡಿ. ಅಲ್ಲಿಯವರೆಗೆ, ಎಚ್ಚರವಾದ ಮೇಲೆ ಮಲಗಿದಲ್ಲೇ ಪಾದ ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಿ, ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂತು, ಒಂದು ಲೋಟ ನೀರು ಕುಡಿದು, ಆಮೇಲೆ ಏಳಿ. ರಾತ್ರಿ ಬಚ್ಚಲಿಗೆ ಹೋಗುವಾಗಲೂ ಹೀಗೇ, ಎಷ್ಟೇ ಅವಸರವಿದ್ದರೂ.

ಜಗಲಿಯ ನಡಿಗೆ ಖಂಡಿತ ನಡಿಗೆಯೇ. 18 ಮೀಟರ್ ಅಂದರೆ 55 ಸಲ ದಾಟಿದರೆ 990 ಮೀಟರ್, ನಿಮಗೆ ನಾನು ಲೆಕ್ಕ ಹೇಳಬೇಕಿಲ್ಲ. ಒಂದೇ ಸಲ ಬೇಡ, ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತರಿಂದ ಶುರು ಮಾಡಿ. ತುದಿಯಲ್ಲಿ ಒಂದು ಬಟ್ಟಲು ಹುಣಸೆ ಬೀಜ ಇಟ್ಟುಕೊಳ್ಳಿ, ಬಂದಾಗೊಮ್ಮೆ ಒಂದು ಬೀಜ ಇನ್ನೊಂದು ಬಟ್ಟಲಿಗೆ. ತುದಿಯಲ್ಲಿ ಗಕ್ಕನೆ ತಿರುಗಬೇಡಿ, ನಾಲ್ಕೈದು ಸಣ್ಣ ಹೆಜ್ಜೆಯಲ್ಲಿ ಸುತ್ತಿಬನ್ನಿ. ತಿರುಗುವಾಗ ಬೀಳುವವರು ಬಹಳ. ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವುದನ್ನು ಹಾಕಿಕೊಳ್ಳಿ. ಕೋಲು ಹಿಡಿಯುವವರಾದರೆ ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಕೋಲಿನ ತುದಿಯ ರಬ್ಬರ್ ಬುಷ್ ಸವೆದಿದೆಯೇ ಅಂತ ಮಳೆಗಾಲಕ್ಕೆ ಮೊದಲು ನೋಡಿಸಿ, ಕೆಲವೇ ರೂಪಾಯಿಯ ವಸ್ತು ಅದು. ಅಂಗಳದ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಲು ಆಶ್ರಮದವರಿಗೆ ಹೇಳಿ. ನೀವು ಪೊರಕೆ ಹಿಡಿದು ಇಳಿಯಬೇಡಿ. ಮೇಷ್ಟ್ರುಗಳ ಸ್ವಭಾವ ನನಗೆ ಗೊತ್ತು, ನಮ್ಮಪ್ಪನೂ ಮೇಷ್ಟ್ರೇ.

ಮಂಡಿ ಸವೆದಿದೆ ಅಂದಿದ್ದಾರೆ. ಸವೆದದ್ದನ್ನು ಇನ್ನೂ ಸವೆಸುವುದು ಯಾಕೆ ಅಂತ ನಡೆಯುವುದನ್ನೇ ಬಿಟ್ಟಿದ್ದೇನೆ. ಸರಿಯೇ?
— 74ರ ಗೃಹಿಣಿ, ಭದ್ರಾವತಿ

ಸರಿಯಲ್ಲಮ್ಮ. ಮಂಡಿಯ ಭಾರ ಹೊರುವುದು ತೊಡೆ. ತೊಡೆ ಸೋತರೆ ಭಾರವೆಲ್ಲ ಕೀಲಿಗೇ ಬೀಳುತ್ತದೆ. ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಚಾಚಿ, ಐದು ಎಣಿಸಿ, ಇಳಿಸಿ. ಹತ್ತು ಸಲ, ಎರಡೂ ಕಾಲು, ದಿನಕ್ಕೆರಡು ಬಾರಿ. ಮಾಡುವಾಗ ತುಸು ನೋವಾದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಗೆ ಹೆಚ್ಚಾಗಿ ಉಳಿದಿದ್ದರೆ ಎಣಿಕೆ ಕಡಿಮೆ ಮಾಡಿ. ಮಂಡಿ ಊದಿ ಬಿಸಿಯಾಗಿದ್ದರೆ ಮಾತ್ರ ಮೊದಲು ವೈದ್ಯರು.

ಊಟದಲ್ಲಿ ಅನ್ನ–ತಿಳಿಸಾರು ಮಾತ್ರ ಇದ್ದರೆ ತೊಡೆಗೆ ಏನೂ ಸಿಗುವುದಿಲ್ಲ. ಹುರುಳಿ, ಹೆಸರುಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ದಿನಾ ಯಾವುದಾದರೊಂದು ಇರಲಿ. ಹಿರಿಯರಿಗೆ ದೇಹದ ತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ಮೂತ್ರಪಿಂಡದ ತೊಂದರೆ ಇದ್ದವರು ಕೇಳಿಯೇ ಹೆಚ್ಚಿಸಬೇಕು.

ನಮ್ಮ ಅತ್ತೆಗೆ ಮರೆವಿನ ಕಾಯಿಲೆ. ವೃದ್ಧಾಶ್ರಮದಲ್ಲಿ ಎಲ್ಲರೂ ಚೆಂಡು ಎಸೆಯುವ ವ್ಯಾಯಾಮ ಮಾಡಿದರೆ ಇವರು ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಡುತ್ತಾರೆ. ಹೇಳಿದ್ದು ತಲೆಗೆ ಹೋಗುವುದಿಲ್ಲ. ಇಂಥವರಿಗೆ ವ್ಯಾಯಾಮ ಮಾಡಿಸುವುದು ವ್ಯರ್ಥವೇ?
— ಸೊಸೆ, ಕೊಪ್ಪ

ಚೆಂಡು ಅವರಿಗೆ ಏನೂ ಅಲ್ಲ, ಅದಕ್ಕೇ ಮಡಿಲಲ್ಲಿ ಕೂತಿದೆ.

ನಾನು ಹೋಗುವಲ್ಲೂ ಅಂಥ ಒಬ್ಬ ಅಮ್ಮ ಇದ್ದಾರೆ. ಮಗನ ಹೆಸರು ನೆನಪಿಲ್ಲ, ತಿಂಡಿ ತಿಂದದ್ದು ನೆನಪಿಲ್ಲ. ನಾಲ್ಕು ತಿಂಗಳು ನಾನೂ ಚೆಂಡು, ಬಣ್ಣದ ರಿಬ್ಬನ್ ಎಲ್ಲ ಹಿಡಿದು ಸೋತೆ. ಒಂದು ದಿನ ಅಡುಗೆಯವರ ಮನೆಯಿಂದ ಒಂದು ಚೀಲ ಒಣಗಿದ ಅಡಿಕೆ ಬಂದಿತ್ತು, ಆರಿಸಿರಲಿಲ್ಲ. ಮೊರದಲ್ಲಿ ಒಂದಿಷ್ಟು ಸುರಿದು ಅವರ ಮುಂದಿಟ್ಟೆ, ಬಾಯಿಗೆ ಹಾಕಿಕೊಳ್ಳದಂತೆ ಪಕ್ಕದಲ್ಲೇ ಕೂತೆ. ಕೈ ಹಾಕಿದರು. ಎರಡು ಬೆರಳಲ್ಲಿ ಒಂದು ಅಡಿಕೆ ಎತ್ತಿ, ಬೆಳಕಿಗೆ ಹಿಡಿಯಲೂ ಇಲ್ಲ, ಸವರಿ ನೋಡಿ ಎಡಕ್ಕೆ ಹಾಕಿದರು. ಇನ್ನೊಂದು ಬಲಕ್ಕೆ. ಹತ್ತು ನಿಮಿಷದಲ್ಲಿ ಅಡಿಕೆಯ ದರ್ಜೆಗಳೆಲ್ಲ ವಿಂಗಡವಾದವು: ಬೆಟ್ಟೆ ಬೇರೆ, ರಾಶಿ ಬೇರೆ, ಗೊರಬಲು ಬೇರೆ. ಅಡುಗೆಯವರು ಬಂದು ನೋಡಿ, ಒಂದೂ ತಪ್ಪಿಲ್ಲ ಅಂದರು.

ಮುಂದಿನ ವಾರದಿಂದ ನಾನು ಬುಟ್ಟಿಗಳ ಜಾಗ ಬದಲಿಸುತ್ತಾ ಹೋದೆ. ಒಂದನ್ನು ಸ್ಟೂಲಿನ ಮೇಲೆ ಎಡಕ್ಕೆ ದೂರ ಇಟ್ಟೆ, ಅವರು ಸೊಂಟ ತಿರುಗಿಸಿ ಕೈ ಚಾಚಿದರು. ಆಮೇಲೆ ಗೊರಬಲಿನ ಬುಟ್ಟಿಯನ್ನು ಎದುರಿನ ಮೇಜಿನ ಮೇಲಿಟ್ಟೆ. ಕೂತು ಎಟುಕುವುದಿಲ್ಲ. ಒಂದು ಕ್ಷಣ ನೋಡಿದರು, ಮೇಜಿನ ಅಂಚು ಹಿಡಿದು ಎದ್ದರು, ಹಾಕಿದರು, ಕೂತರು. ಆ ಬೆಳಿಗ್ಗೆ ಹದಿನೇಳು ಸಲ ಎದ್ದರು. 'ಏಳಿ' ಅಂತ ಒಬ್ಬರೂ ಹೇಳಿರಲಿಲ್ಲ.

ಎಲ್ಲರಿಗೂ ಅಡಿಕೆಯೇ ಆಗಬೇಕಿಲ್ಲ. ಹೂ ಕಟ್ಟಿದವರಿರುತ್ತಾರೆ, ಬಟ್ಟೆ ಮಡಿಸಿದವರಿರುತ್ತಾರೆ, ಭಜನೆಗೆ ತಾಳ ಹಾಕಿದವರಿರುತ್ತಾರೆ. ಮಾತು ಕಡಿಮೆ ಇರಲಿ, ನೀವು ಎದುರಿಗೆ ಕೂತು ಮಾಡಿ, ಅವರ ಕೈ ತಾನಾಗಿ ಬರುತ್ತದೆ. ಬರದ ದಿನ ಒತ್ತಾಯ ಬೇಡ.

ನಿಮ್ಮ ಅತ್ತೆ ಮೊದಲು ಏನು ಕೆಲಸ ಮಾಡಿಕೊಂಡಿದ್ದರು ಅಂತ ನೀವು ಬರೆದಿಲ್ಲ. ಅದನ್ನು ಬರೆದು ಕಳಿಸಿ, ಅಲ್ಲಿಂದಲೇ ಶುರು ಮಾಡೋಣ.